ಬೊಂಬೆಗಳ ಪಕ್ಕದ ಸ್ಪೀಕರ್

ನಮಗೆ ಹಾಡು ಕಲಿಸುತ್ತಿದ್ದ ಟೀಚರ್‌ಗೆ ಗಂಟಲಿನ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಆಷಾಢದ ಏಕಾದಶಿ ಭಜನೆಗೆ ನಮ್ಮ ಭಜನಾ ಮಂಡಳಿಯವರು ಟೆಂಟ್ ಹೌಸಿನಿಂದ ಮೈಕ್ ಸೆಟ್ ತರಿಸಿದರು. ಭಜನೆ ಇದ್ದದ್ದು ದೆಹಲಿಯ ಜನಕಪುರಿಯ ಒಂದು ಫ್ಲಾಟಿನ ಮೂರನೇ ಮಹಡಿಯಲ್ಲಿ, ಹತ್ತಡಿಗೆ ಹದಿನಾಲ್ಕಡಿಯ ಹಾಲಿನಲ್ಲಿ. ಅದಕ್ಕೆ ಬಂದದ್ದು ಮದುವೆ ಮೆರವಣಿಗೆಗೆ ಸಾಕಾಗುವಂಥ ಎರಡು ಕಪ್ಪು ಪೆಟ್ಟಿಗೆಗಳು. ಹಾಡು ಶುರುವಾದ ಅರ್ಧ ನಿಮಿಷಕ್ಕೆ ಕಿವಿ ಸೀಳುವ ಹಾಗೆ ಕೂಗಿದವು. ಆಪರೇಟರ್ ಭಯ್ಯಾ ಓಡಿಬಂದು ವಾಲ್ಯೂಮ್ ಇಳಿಸಿದ. ಇಳಿಸಿದ ಮೇಲೆ ಟೀಚರ್ ಕಂಠ ಹಾರ್ಮೋನಿಯಂ ಕೆಳಗೆ ಹೂತುಹೋಯಿತು. ಹಿಂದೆ ಕೂತ ಹೆಂಗಸರು ಸೀರೆಯ ಮಾತು ಎತ್ತಿಕೊಂಡರು.

ಮುಗಿದ ಮೇಲೆ ಟೀಚರ್ ನನ್ನನ್ನು ಅಡುಗೆಮನೆಗೆ ಕರೆದರು.

"ನೀನು ಸೌಂಡಿನವಳಲ್ವೇನೇ? ನನ್ನ ದನಿ ಸಣ್ಣಗಾಗಿದೆ ಅಷ್ಟೇ. ನವರಾತ್ರಿಯೊಳಗೆ ಹಿಂದಿನ ಸಾಲಿಗೂ ಕೇಳೋ ಹಾಗೆ ಏನಾದ್ರೂ ಮಾಡು. ಸರಸ್ವತಿ ಪೂಜೆ ದಿನ ನಾನು ಹಾಡದೆ ಇದ್ದದ್ದು ಒಂದು ವರ್ಷವೂ ಇಲ್ಲ."

ನಾನು ಆಗ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಧ್ವನಿಮುದ್ರಣ ಸಹಾಯಕಿ. ಶಾಲೆಯ ಪಾಠಗಳನ್ನು ಕ್ಯಾಸೆಟ್ಟಿಗೆ ಇಳಿಸುವುದು ನಮ್ಮ ವಿಭಾಗದ ಕೆಲಸ. ಪಾಠ ಓದುವವರು ಪುಟ ತಿರುಗಿಸಿದ ಸದ್ದು, ಎಂಜಲು ನುಂಗಿದ ಸದ್ದು, ಕಿಟಕಿಯಾಚೆ ಗಿಳಿ ಕೂಗಿದ್ದು, ಎಲ್ಲವನ್ನೂ ಹೆಕ್ಕಿ ತೆಗೆಯುತ್ತಿದ್ದೆ. ಕಿವಿಯ ಬಗ್ಗೆ ನನಗೆ ಜಂಬವಿತ್ತು. ಗಂಟಲಿನ ಬಗ್ಗೆ ಇರಲಿಲ್ಲ. ಮಂಡಳಿಗೆ ಸೇರಿದ ಮೊದಲ ಶನಿವಾರ ನನ್ನ ಸ ಪ ಸ ಕೇಳಿದ ಟೀಚರ್, ಶ್ರುತಿ ಪೆಟ್ಟಿಗೆಯನ್ನು ನನ್ನ ಮುಂದಕ್ಕೆ ತಳ್ಳಿದ್ದರು. ಆಗಿನಿಂದ ನಾನು ಅದರ ಕಿವಿ ಹಿಂಡುವವಳೇ ಹೊರತು ಬಾಯಿ ತೆಗೆಯುವವಳಲ್ಲ. ಆದರೂ ಪ್ರತಿ ಶನಿವಾರ ಹೋಗುತ್ತಿದ್ದೆ. ಕೆಲಸ ಸಿಕ್ಕಿ ಒಬ್ಬಳೇ ಈ ಊರಿಗೆ ಬಂದಾಗ ನನಗೆ ಜ್ವರ ಬಂದರೆ ಗಂಜಿ ಕೊಟ್ಟವರು ಅವರು. ಸಚಿವಾಲಯದಲ್ಲಿ ಗುಮಾಸ್ತೆಯಾಗಿ ದುಡಿದು ನಿವೃತ್ತರಾಗಿದ್ದರೂ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಟೀಚರ್ ಎಂದೇ.

ಹಾಗಾಗಿ ಒಪ್ಪಿಕೊಂಡೆ. ಮಂಡಳಿಯ ಕಾರ್ಯದರ್ಶಿಗಳು ಸೆಟ್ಟನ್ನು ಕೊಂಡುಬಿಡೋಣ, ಬಾಡಿಗೆಯ ಗೋಳು ಬೇಡ ಎಂದರು. ಹೊಸ ಜಮಖಾನಕ್ಕೆಂದು ಕೂಡಿಟ್ಟದ್ದನ್ನು ಇದಕ್ಕೆ ಕೊಡುವುದೆಂದಾಯಿತು. ಅಂದರೆ ದೊಡ್ಡ ಹೆಸರಿನ ಸಾಮಾನು ನೋಡುವ ಹಾಗಿರಲಿಲ್ಲ.

ಬೇಕಾದದ್ದೇನು ಎಂದು ಆಫೀಸಿನ ರದ್ದಿ ಕಾಗದದ ಹಿಂದೆ ಬರೆದುಕೊಂಡೆ. ನಮ್ಮ ಯಾವ ಮನೆಗೂ ಲಿಫ್ಟ್ ಇರಲಿಲ್ಲ, ಹೆಂಗಸೊಬ್ಬಳು ಒಂದು ಕೈಯಲ್ಲಿ ಹಿಡಿದು ಮೂರು ಮಹಡಿ ಹತ್ತುವಷ್ಟು ಹಗುರವಾಗಿರಬೇಕು. ಆಟೋದ ಸೀಟಿನಲ್ಲಿ ಪಕ್ಕದಲ್ಲೇ ಕೂರಬೇಕು. ಕರೆಂಟು ಹೋದರೆ ಬ್ಯಾಟರಿಯಲ್ಲಿ ನಡೆಯಬೇಕು, ಏಕೆಂದರೆ ಸಂಜೆ ಏಳಕ್ಕೆ ಕರೆಂಟು ಹೋಗುವುದು ಆ ವರ್ಷಗಳಲ್ಲಿ ಸಂಜೆಯಾದಷ್ಟೇ ಖಚಿತ. ಹಾರ್ಮೋನಿಯಂ, ಮೃದಂಗಕ್ಕೆ ಮೈಕ್ ಬೇಡ. ಅವು ತಾವಾಗಿಯೇ ಸಾಕಷ್ಟು ಗದ್ದಲ ಮಾಡುತ್ತವೆ. ಬೇಕಾದದ್ದು ಒಂದೇ ಒಂದು ಗಂಟಲಿಗೆ.

ಮೂರು ಶನಿವಾರ ಮಧ್ಯಾಹ್ನ ಕೆಂಪುಕೋಟೆ ಎದುರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗೆ ಹೋದೆ. ಅಲ್ಲಿ ಒಂದು ಅಂಗಡಿಯವನು ನನ್ನ ಕಾಟ ತಾಳಿಕೊಂಡ. ಐವತ್ತು ದಾಟಿದ ಮನುಷ್ಯ. ಜಾಗರಣೆಗಳಿಗೆ, ಗುರುದ್ವಾರಗಳಿಗೆ ಸೆಟ್ ಒದಗಿಸಿ ಪಳಗಿದವನು. ಮೊದಲು ತೋರಿಸಿದ್ದು ಶಾಲೆಯ ಪ್ರಾರ್ಥನೆಗೆ ಬಳಸುವ, ಹೆಗಲಿಗೆ ನೇತುಹಾಕುವ ಸಣ್ಣ ಪೆಟ್ಟಿಗೆ. ತೂಕ ಚೆನ್ನಾಗಿತ್ತು, ಆದರೆ ಅದರಲ್ಲಿ ಯಾರು ಮಾತಾಡಿದರೂ ನೆಗಡಿಯಾದವರ ಹಾಗೆ ಕೇಳುತ್ತಿತ್ತು. ಎರಡನೆಯದು ಚಕ್ರವಿರುವ ಟ್ರಾಲಿ ಸೆಟ್. ಒಳಗೇ ಬ್ಯಾಟರಿ, ಒಳಗೇ ಕ್ಯಾಸೆಟ್ ಪ್ಲೇಯರ್, ಮೇಲೊಂದು ದನಿಗೆ ಮಾರ್ದನಿ ಸೇರಿಸುವ ಇಕೋ ಗುಂಡಿ. ಮೂರನೆಯದು ನೋಡಲು ಪೆದ್ದು ಪೆದ್ದಾಗಿದ್ದ ಒಂದು ಪೆಟ್ಟಿಗೆ. ಎಂಟಿಂಚಿನ ಒಂದು ಸ್ಪೀಕರ್, ಮೇಲೆ ಚೂಪು ಸ್ವರಗಳಿಗೆಂದು ಸಣ್ಣದೊಂದು ಟ್ವೀಟರ್, ಮೈಕಿಗೆ ಎರಡು ಕಿಂಡಿ. ಬ್ಯಾಟರಿ ಹೊರಗಿನಿಂದ ಸಿಕ್ಕಿಸಬೇಕು. ಇಕೋ ಇಲ್ಲ, ಮಿಣುಕು ದೀಪವಿಲ್ಲ.

ಹೇಗೆ ಪರೀಕ್ಷಿಸಿದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ತಪ್ಪು ಆದದ್ದೇ ಅಲ್ಲಿ. ಟೀಚರ್‌ಗೆ ಡಾಕ್ಟರು ಆ ಏಕಾದಶಿ ಭಜನೆ ಆದಮೇಲೆ, ನವರಾತ್ರಿಯ ತನಕ ಹಾಡಬೇಡಿ, ಗಂಟಲಿಗೆ ವಿಶ್ರಾಂತಿ ಕೊಡಿ ಅಂದಿದ್ದರು. ಅವರನ್ನು ಹಳೆ ದೆಹಲಿಯ ಧೂಳಿಗೆ ಕರೆತರುವ ಮಾತೇ ಇರಲಿಲ್ಲ. ಅವರ ಯಜಮಾನರು ತಮ್ಮ ಬೀರುವಿನಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟರು. ಹತ್ತು ವರ್ಷದ ಹಿಂದೆ ಒಂದು ಸರಸ್ವತಿ ಪೂಜೆಯ ದಿನ ಮನೆಯಲ್ಲೇ ತುಂಬಿಕೊಂಡದ್ದು. ಅಂಗಡಿಯವನ ಪ್ಲೇಯರನ್ನು ಮೂರು ಸೆಟ್ಟುಗಳಿಗೂ ಜೋಡಿಸಿ ಅದನ್ನು ಹಾಕಿ ಕೇಳಿದೆ. ಟ್ರಾಲಿ ಸೆಟ್ಟಿನಲ್ಲಿ ಟೀಚರ್ ಬಾವಿಯೊಳಗಿಂದ ಹಾಡಿದಂತಿತ್ತು. ಮೂರನೆಯದರಲ್ಲಿ ಹಾಕಿದಾಗ ಆ ಗದ್ದಲದ ಓಣಿಯಲ್ಲಿ ನನ್ನ ಮೈ ಜುಮ್ಮೆಂದಿತು. ಮೇಲಿನ ಷಡ್ಜಕ್ಕೆ ಅವರು ಏರಿದಾಗ ಪಕ್ಕದ ಅಂಗಡಿಯಲ್ಲಿ ವೈರ್ ಬೆಸೆಯುತ್ತಿದ್ದವನು ತಲೆಯೆತ್ತಿ ನೋಡಿದ.

ನಾನು ಮೂರನೆಯದನ್ನೇ ಕಟ್ಟಲು ಹೇಳಿದೆ. ಅಂಗಡಿಯವನು ಕೈ ತಡೆದ.

"ಮೇಡಂ ಜೀ, ಇಕೋವಾಲಾ ಲೇ ಜಾಯಿಯೇ. ಇಕೋ ಮೇ ಸಬ್ ಕಾ ಗಲಾ ಅಚ್ಛಾ ಲಗ್‌ತಾ ಹೈ."

ಇಕೋದಲ್ಲಿ ಎಲ್ಲರ ಗಂಟಲೂ ಚಂದ ಎಂಬ ಮಾತಿಗೆ ನಾನು ಮೂಗು ಮುರಿದೆ. ನಮ್ಮ ಟೀಚರ್‌ಗೆ ಅಂಥ ಪೌಡರ್ ಮೆತ್ತುವ ಅಗತ್ಯವಿಲ್ಲ ಎಂದು ನನ್ನ ಆಫೀಸಿನ ಹಿಂದಿಯಲ್ಲಿ ಹೇಳಿದೆ. ಅವನು ಹಾಡುವವರ ವಯಸ್ಸೆಷ್ಟು ಎಂದು ಕೇಳಿದ. ಅರವತ್ತಾರು ಎಂದೆ. ಪೆಟ್ಟಿಗೆಗೆ ಸುತ್ತಲು ಸುತಳಿ ದಾರ ತೆಗೆದುಕೊಂಡ.

ನವರಾತ್ರಿಯ ಮೊದಲ ದಿನದ ಹಾಡು ಕಾರ್ಯದರ್ಶಿಗಳ ಮನೆಯಲ್ಲಿ. ನಮ್ಮ ಮಂಡಳಿಯ ಪದ್ಧತಿಯೆಂದರೆ, ಹಾಡುವವರು ಜನರ ಕಡೆ ತಿರುಗಿ ಕೂರುವುದಿಲ್ಲ. ಬೊಂಬೆಗಳ ಮೆಟ್ಟಿಲಿಗೆ, ಅಲ್ಲಿನ ದೀಪಕ್ಕೆ ಮುಖ ಮಾಡಿ ಕೂರುತ್ತಾರೆ. ಹಾಡು ದೇವರಿಗೆ. ಕೇಳುವವರು ಅವರ ಬೆನ್ನ ಹಿಂದೆ, ಬಾಗಿಲ ತನಕ ಒತ್ತಿಕೊಂಡು ಕೂತು ಕೇಳುತ್ತಾರೆ. ಸ್ಪೀಕರನ್ನು ದೇವರ ಹತ್ತಿರ ಇಡಲು ಯಾರೂ ಒಪ್ಪುವುದಿಲ್ಲ. ಎಲ್ಲೆಲ್ಲಿಂದಲೋ ಬಂದ ಪೆಟ್ಟಿಗೆ, ಚಪ್ಪಲಿಯ ಪಕ್ಕ ಇಟ್ಟದ್ದು. ಹಾಗಾಗಿ ಅದಕ್ಕೆ ಯಾವಾಗಲೂ ಬಾಗಿಲ ಬಳಿಯೇ ಜಾಗ. ನಾನೂ ಅಲ್ಲೇ ಇಟ್ಟೆ.

ಹೊರಗೆ ಮೈದಾನದ ರಾಮಲೀಲೆಯವರು ಲೌಡ್‌ಸ್ಪೀಕರಿನಲ್ಲಿ ರಾವಣನ ನಗು ಪರೀಕ್ಷಿಸುತ್ತಿದ್ದರು. ಒಳಗೆ ಟೀಚರ್ ಎರಡು ಸಾಲು ಹಾಡಿದರು. ನನ್ನ ಸೆಟ್ಟೂ ಕೂಗಿತು, ಥೇಟ್ ಟೆಂಟ್ ಹೌಸಿನದರ ಹಾಗೆಯೇ. ಕೂಗು ನಿಲ್ಲುವ ತನಕ ಇಳಿಸಿದೆ. ಇಳಿಸಿದ ಮೇಲೆ ಸೆಟ್ ಇದ್ದೂ ಇಲ್ಲದ ಹಾಗಾಯಿತು. ರಾವಣನ ಮುಂದೆ ಟೀಚರ್ ಹಾಡು ಕೇಳಿಸಲೇ ಇಲ್ಲ. ಹಾಡು ಮುಗಿಸಿ ಅವರು ಹಿಂದೆ ತಿರುಗಿ ನನ್ನನ್ನು ನೋಡಿದರು.  

ಮಾರನೆಯ ಬೆಳಗ್ಗೆ ಆಫೀಸಿಗೆ ಬೇಗ ಹೋಗಿ, ಖಾಲಿ ಸ್ಟುಡಿಯೋದಲ್ಲಿ ಆ ಮೈಕನ್ನು ಸ್ಟ್ಯಾಂಡಿಗೆ ಹಾಕಿ ಹೆಡ್‌ಫೋನ್ ಕಟ್ಟಿಕೊಂಡು ಅದರ ಸುತ್ತ ಪ್ರದಕ್ಷಿಣೆ ಬಂದೆ. ಒನ್ ಟೂ ತ್ರೀ ಎನ್ನುತ್ತಾ ಸುತ್ತಿದೆ. ಮೈಕಿನ ಮುಂದೆ ನಿಂತಾಗ ನನ್ನ ಮಾತು ಸ್ಪಷ್ಟ, ಪಕ್ಕಕ್ಕೆ ಬಂದಾಗ ಮಂಕು, ಹಿಂದೆ ಹೋದಾಗ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈ ಜಾತಿಯ ಮೈಕಿಗೆ ಬೆನ್ನ ಕಡೆ ಕಿವಿಯಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಆದರೆ ನಮ್ಮ ಹಾಲಿನ ಕೂರುವ ರೀತಿಗೆ ಅದನ್ನು ಹೊಂದಿಸಿ ನೋಡಿರಲಿಲ್ಲ. ಟೀಚರ್ ದೀಪದ ಕಡೆ ಮುಖ ಮಾಡಿದರೆ ಮೈಕಿನ ಬಾಯಿ ಅವರ ಕಡೆ, ಅಂದರೆ ಬಾಗಿಲ ಕಡೆ. ಬಾಗಿಲಲ್ಲಿಟ್ಟ ಸ್ಪೀಕರ್ ನೇರವಾಗಿ ಅದರ ಬಾಯಿಗೇ ಊದುತ್ತಿತ್ತು. ಊದಿದ್ದನ್ನು ಮೈಕ್ ಮತ್ತೆ ಸ್ಪೀಕರಿಗೆ ಕಳಿಸುತ್ತಿತ್ತು. ಆ ಸುತ್ತಾಟವೇ ಕೂಗು. ಸ್ಪೀಕರನ್ನು ಬೊಂಬೆಗಳ ಪಕ್ಕಕ್ಕೆ ತಂದು ಜನರ ಕಡೆ ತಿರುಗಿಸಿದರೆ ಅದು ಮೈಕಿನ ಬೆನ್ನಿಗೆ ಬೀಳುತ್ತದೆ. ಕೂಗುವುದಿಲ್ಲ. ವಾಲ್ಯೂಮ್ ಬೇಕಾದಷ್ಟು ಏರಿಸಬಹುದು.

ಇಷ್ಟು ಹೊಳೆದಾಗ ನಾನು ಸ್ಟುಡಿಯೋದಲ್ಲಿ ಒಬ್ಬಳೇ ನಕ್ಕೆ. ಆ ಜಾಗದಲ್ಲಿಟ್ಟ ಸ್ಪೀಕರ್ ಜನರಿಗಿಂತ ಮೊದಲು ಯಾರ ಮುಖಕ್ಕೆ ಹಾಡುತ್ತದೆ ಎಂದು ಮಾತ್ರ ಯೋಚಿಸಲಿಲ್ಲ.

ಎರಡನೆಯ ದಿನದ ಮನೆಯವರು ಪೆಟ್ಟಿಗೆಯನ್ನು ಬೊಂಬೆಗಳ ಹತ್ತಿರ ಬಿಟ್ಟುಕೊಳ್ಳಲು ಸುತರಾಂ ಒಪ್ಪಲಿಲ್ಲ. ನಾನು ಒದ್ದೆ ಬಟ್ಟೆಯಲ್ಲಿ ಅದನ್ನು ಅವರ ಕಣ್ಣೆದುರೇ ಒರೆಸಿದೆ. ಆಯುಧಪೂಜೆ ದಿನ ಸ್ಕೂಟರಿಗೆ ಕುಂಕುಮ ಇಡೋದಿಲ್ಲವೇ, ಇದಕ್ಕೆ ಇವತ್ತೇ ಇಡಿ ಎಂದೆ. ಮನೆಯೊಡತಿ ನಗು ಬಂದು ಸೋತರು. ಕುಂಕುಮವಿಟ್ಟು, ಮೇಲೊಂದು ರವಿಕೆ ಕಣ ಹೊದಿಸಿದರು. ರೇಷ್ಮೆ ಬೇಡ, ತೆಳ್ಳನೆಯ ಹತ್ತಿಯದು ಕೊಡಿ ಎಂದೆ, ದಪ್ಪ ಬಟ್ಟೆ ಟ್ವೀಟರಿನ ದನಿ ನುಂಗುತ್ತದೆ. ಕೊನೆಗೆ ನನ್ನ ಎಂಟಿಂಚಿನ ಸ್ಪೀಕರು ಹಳದಿ ಕಣ ಹೊದ್ದು, ಪಟ್ಟದ ಬೊಂಬೆಗಳ ಪಕ್ಕ ಹೊಸ ಸೊಸೆಯಂತೆ ಕೂತಿತು. ಕರೆಂಟು ಎಂದಿನಂತೆ ಏಳಕ್ಕೆ ಹೋಯಿತು. ಬ್ಯಾಟರಿ ಸಿಕ್ಕಿಸಿದೆ. ಗುಂಯ್ ಎನ್ನುವ ಸದ್ದೂ ಇಲ್ಲ. ಮೈಕನ್ನು ಟೀಚರ್ ಬಾಯಿಗೆ ಒಂದು ಗೇಣು ದೂರಕ್ಕೆ ಹೊಂದಿಸಿ, ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಹಿಡಿದು ಕೂತೆ.

ಟೀಚರ್ ಮೊದಲ ಸಾಲು ಎತ್ತಿಕೊಂಡರು. ಮೆಲ್ಲಗೆ ಗುಂಡಿ ತಿರುಗಿಸಿದೆ. ಕೂಗಲಿಲ್ಲ. ಇನ್ನೂ ತಿರುಗಿಸಿದೆ. ಬಾಗಿಲ ಹತ್ತಿರದ ಹೆಂಗಸರು ಮಾತು ನಿಲ್ಲಿಸಿದರು. ರಾಮಲೀಲೆಯ ಸದ್ದಿನ ಮೇಲೆ, ಹಾರ್ಮೋನಿಯಂ ಮೇಲೆ, ಟೀಚರ್ ಗಂಟಲು ಹಾಲಿನ ತುಂಬ ಬಂತು. ಇದ್ದದ್ದು ಇದ್ದ ಹಾಗೆ ಬಂತು. ಮಧ್ಯೆ ಮಧ್ಯೆ ದನಿ ಹೋಗಿ ಬರಿಯ ಗಾಳಿ. ಪಂಚಮದಿಂದ ಮೇಲೆ ಹತ್ತುವಾಗ ಒಡಕು. ಹತ್ತಿದ ಮೇಲೆ ಶ್ರುತಿಗೆ ಒಂದು ಕೂದಲೆಳೆ ಕೆಳಗೆ ಜಾರಿ, ಹಿಡಿಯಲು ಹೋಗಿ ಮತ್ತೆ ಜಾರುವುದು. ಆಪರೇಷನ್ ಆದಂದಿನಿಂದ ಅವರ ಹತ್ತಿರ ಕೂತ ನಮಗೆಲ್ಲ ಅದು ಗೊತ್ತಿತ್ತು. ದನಿ ಸಣ್ಣಗಾಗಿದೆ ಅಷ್ಟೇ ಎಂದು ಅವರಿಗೆ ಹೇಳಿಕೊಂಡು ಬಂದವರೂ ನಾವೇ.

ಎರಡನೆಯ ಸಾಲಿನ ನಡುವೆ ಅವರು ತಲೆಯೆತ್ತಿ ಹಳದಿ ಕಣದ ಕಡೆ ನೋಡಿದರು. ಸಾಲನ್ನು ಅರ್ಧಕ್ಕೆ ಬಿಡಲಿಲ್ಲ, ಮುಗಿಸಿದರು. ಆಮೇಲೆ ಪಕ್ಕದಲ್ಲಿದ್ದ ಹಿರಿಯ ಶಿಷ್ಯೆಯ ತೊಡೆ ತಟ್ಟಿ, ಮುಂದುವರಿಸು ಎಂದು ಕೈಸನ್ನೆ ಮಾಡಿದರು. ಆಕೆ ನನ್ನದೇ ವಯಸ್ಸಿನವಳು, ಬ್ಯಾಂಕಿನಲ್ಲಿ ಕೆಲಸ, ಟೀಚರ್ ಹತ್ತಿರ ಹದಿನೈದು ವರ್ಷ ಕಲಿತವಳು. ಗಾಬರಿಯಲ್ಲೇ ಹಾಡು ಎತ್ತಿಕೊಂಡಳು. ಉಳಿದವರೆಲ್ಲ ಸೇರಿದರು. ನಾನು ವಾಲ್ಯೂಮ್ ಇಳಿಸಲಿಲ್ಲ. ಕೈ ಗುಂಡಿಯ ಮೇಲೇ ಇತ್ತು, ತಿರುಗಿಸಲು ಆಗಲಿಲ್ಲ.

ಮೆಟ್ಟಿಲಿಳಿಯುವಾಗ ಟೀಚರ್ ಮೊದಲ ತಿರುವಿನಲ್ಲಿ ಕಂಬಿ ಹಿಡಿದು ನಿಂತರು. ನನ್ನ ಒಂದು ಕೈಯಲ್ಲಿ ಸೆಟ್, ಇನ್ನೊಂದರಲ್ಲಿ ಬ್ಯಾಟರಿ.

"ಅದು ನಾನಾ?"

"ಹೌದು ಟೀಚರ್."

"ಸೆಟ್ಟಿನ ದೋಷ ಏನಾದ್ರೂ..."

ಹೌದು ಎಂದುಬಿಡಬಹುದಿತ್ತು. ಹೊಸ ಸೆಟ್, ಸರಿಯಾಗಿ ಕೂತಿಲ್ಲ, ನಾಳೆ ಸರಿಮಾಡುತ್ತೇನೆ ಎಂದಿದ್ದರೆ ನಂಬಲು ಅವರು ಸಿದ್ಧರಿದ್ದರು. ಆದರೆ ಅವರು ಕೇಳಿದ್ದು ನನ್ನ ಕೆಲಸದ ಪ್ರಶ್ನೆ, ಅದಕ್ಕೆ ನಾನು ಯಾವತ್ತೂ ಸುಳ್ಳು ಹೇಳಿರಲಿಲ್ಲ. ಆ ಜಂಬಕ್ಕೆ ಬೆಂಕಿ ಬೀಳಲಿ ಎಂದು ಈಗಲೂ ಅನಿಸುತ್ತದೆ.

"ಸೆಟ್ ಸರಿಯಾಗಿದೆ ಟೀಚರ್," ಎಂದೆ.

ಅವರು ತಲೆ ಆಡಿಸಿದರು. ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು.

ಅವರ ಯಜಮಾನರು ಮರುದಿನ ನನ್ನ ಆಫೀಸಿಗೆ ಫೋನ್ ಮಾಡಿದರು. ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ, ಅವತ್ತೂ ಮಾತಾಡಲಿಲ್ಲ. ಆಸ್ಪತ್ರೆಯಿಂದ ಬಂದ ವಾರವೇ ಮನೆಯ ಟೇಪ್ ರೆಕಾರ್ಡರನ್ನು ಕೆಟ್ಟಿದೆ ಎಂದು ಹೇಳಿ ಅಟ್ಟಕ್ಕೆ ಹಾಕಿದ್ದರಂತೆ. ಅವಳು ಹಾಡಿದ್ದನ್ನು ಅವಳು ಕೇಳಬಾರದು ಅಂತ. ಅಷ್ಟು ಜೋಪಾನ ಮಾಡಿದ್ದೆ ಕಣಮ್ಮ, ಎಂದರು. ನಾನು ಕ್ಷಮಿಸಿ ಅಂಕಲ್ ಎಂದೆ. ನಿನ್ನ ತಪ್ಪಿಲ್ಲ ಬಿಡು, ಮನುಷ್ಯರಿಗೆ ತಮ್ಮ ದನಿ ಒಳಗಿನಿಂದ ಕೇಳೋದು ಬೇರೆ, ಹೊರಗಿನಿಂದ ಕೇಳೋದು ಬೇರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದರು. ವ್ಯಂಗ್ಯವಾಗಿ ಅಂದದ್ದಲ್ಲ. ನನಗೆ ಮಾತ್ರ ಕಪಾಳಕ್ಕೆ ಬಿದ್ದಂತಾಯಿತು. ನಿಜ, ಅದು ನನಗೆ ಗೊತ್ತಿತ್ತು. ಮೊದಲ ಸಲ ತಮ್ಮ ಪಾಠ ಕೇಳಿಸಿಕೊಂಡ ಪ್ರತಿಯೊಬ್ಬ ಮೇಷ್ಟರ ಮುಖ ಬಾಡುವುದನ್ನು ಸ್ಟುಡಿಯೋದಲ್ಲಿ ವಾರಕ್ಕೊಮ್ಮೆ ನೋಡುತ್ತಿದ್ದೆ. ಇಕೋ ಸೆಟ್ಟಿನಲ್ಲಿ ಒಡಕೂ ಜಾರುವಿಕೆಯೂ ಒಂದರೊಳಗೊಂದು ಕಲೆತುಹೋಗುತ್ತಿದ್ದವು. ಟೀಚರ್ ಇನ್ನೆರಡು ವರ್ಷ ಸಂತೋಷವಾಗಿ ಹಾಡುತ್ತಿದ್ದರು. ಹತ್ತು ವರ್ಷದ ಹಿಂದಿನ ಗಂಟಲಿಗೆ ಸೆಟ್ ಆರಿಸಿ, ಈಗಿನ ಗಂಟಲಿನ ಮುಂದೆ ತಂದಿಟ್ಟವಳು ನಾನು.

ಮೂರನೆಯ ದಿನ ಟೀಚರ್ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು, ಎಂದಿಗಿಂತ ಬೇಗ. ಯಾರೂ ಇಲ್ಲದಾಗ ನನ್ನ ಪಕ್ಕ ಕೂತು ಹೇಳಿದರು.

"ನನ್ನ ಮುಂದೆ ಮೈಕ್ ಇರಲಿ. ತೆಗೆದ್ರೆ ಎಲ್ಲರೂ ಏನು, ಯಾಕೆ ಅಂತ ಕೇಳ್ತಾರೆ. ಆದ್ರೆ ಆಫ್ ಮಾಡಿಡು. ಅವಳಿಗೆ ಇನ್ನೊಂದು ಮೈಕ್ ಹಾಕು."

ಅವಳು ಎಂದರೆ ಹಿರಿಯ ಶಿಷ್ಯೆ. ಸೆಟ್ಟಿನ ಎರಡನೆಯ ಕಿಂಡಿಗೆ ಆಫೀಸಿನಿಂದ ಎರವಲು ತಂದಿಟ್ಟಿದ್ದ ಒಂದು ಮೈಕ್ ಸಿಕ್ಕಿಸಿದೆ. ಅಂದಿನಿಂದ ದಿನವೂ ಅದೇ ವ್ಯವಸ್ಥೆ. ಟೀಚರ್ ನಡುವೆ ಕೂರುತ್ತಿದ್ದರು. ಶಿಷ್ಯೆ ಅವರ ಭುಜಕ್ಕೆ ಭುಜ ತಾಗಿಸಿ. ಟೀಚರ್ ತುಟಿ ಆಡುತ್ತಿತ್ತು, ಕೈ ತಾಳ ಹಾಕುತ್ತಿತ್ತು. ನಾನು ಅವರ ಪಕ್ಕದಲ್ಲೇ ಇದ್ದೆ. ತುಟಿಯಿಂದ ಉಸಿರೂ ಬರುತ್ತಿರಲಿಲ್ಲ. ಹಿಂದೆ ಕೂತವರಿಗೆ ಕಾಣುತ್ತಿದ್ದದ್ದು ಅವರ ಬೆನ್ನು, ತುರುಬು, ಅದರಲ್ಲಿನ ಹೂವು. ಸೆಟ್ ಒಂದು ದಿನವೂ ಕೂಗಲಿಲ್ಲ. ಕಾರ್ಯದರ್ಶಿಗಳು ಎಲ್ಲರೆದುರು ನನ್ನನ್ನು ಹೊಗಳಿದರು, ನಾನು ನೆಲ ನೋಡಿದೆ.

ಸರಸ್ವತಿ ಪೂಜೆಯ ದಿನ ಹಾಡು ಟೀಚರ್ ಮನೆಯಲ್ಲಿ. ಆ ದಿನ ಜನ ಹೆಚ್ಚು. ವರ್ಷಕ್ಕೊಮ್ಮೆ ಬರುವವರೂ ಬರುತ್ತಾರೆ. ದೂರದ ಇಂದಿರಾಪುರಂನಿಂದ ಒಬ್ಬ ಅಜ್ಜಿ ಮಗನ ಕಾರಿನಲ್ಲಿ ಬಂದಿದ್ದರು. ಕಾಲು ಮಡಚಲು ಆಗದೆ ಹಿಂದಿನ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತಿದ್ದರು. ಕೊನೆಯ ಹಾಡು ಪ್ರತಿವರ್ಷ ಟೀಚರ್ ಒಬ್ಬರೇ ಹಾಡುವುದು, ಉಳಿದವರು ಸೇರುವುದಿಲ್ಲ. ಆ ಹೊತ್ತು ಬಂದಾಗ ಟೀಚರ್ ಶಿಷ್ಯೆಗೆ ಕಣ್ಣು ಮಾಡಿದರು. ಅವಳು ಬೇಡ ಎಂದು ತಲೆ ಆಡಿಸಿದಳು. ಟೀಚರ್ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಬಿಗಿಯಾಗಿ ಹಿಡಿದರು. ಅವಳು ಹಾಡಿದಳು. ಉಸಿರು ತೆಗೆದುಕೊಳ್ಳುವ ಜಾಗ, ಮೇಲಿನ ಷಡ್ಜಕ್ಕೆ ಹೋಗುವ ಮುಂಚಿನ ಸಣ್ಣ ತಡೆ, ಎಲ್ಲವೂ ಟೀಚರ್ ಕಲಿಸಿದ್ದೇ. ಟೀಚರ್ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಹಿಂದಿನವರಿಗೆ ತಿಳಿಯುತ್ತಿತ್ತು.

ಮಂಗಳಾರತಿಯಾಗಿ ಜನ ಚದುರಿದರು. ಟೀಚರ್ ಕೂತಲ್ಲೇ ಇದ್ದರು. ಅಜ್ಜಿ ಗೋಡೆ ಹಿಡಿದುಕೊಂಡು ಮುಂದೆ ಬಂದು, ಅವರ ಎರಡು ಕೈಗಳನ್ನೂ ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಅದೇ ಕಂಠ ಕಣಮ್ಮ. ಆಪರೇಷನ್ ಆಯ್ತು ಅಂತ ಹೇಳಿದ್ರು, ಎದೆ ಒಡೆದುಹೋಗಿತ್ತು ನನಗೆ. ಒಂದು ಚೂರೂ ಬದಲಾಗಿಲ್ಲ."

ಟೀಚರ್ ಸುಮ್ಮನೆ ನಕ್ಕಿದ್ದರೆ ಮುಗಿಯುತ್ತಿತ್ತು. ಆದರೆ ಹಿರಿಯರಿಗೆ ಉತ್ತರ ಕೊಡದೆ ಕೂರುವುದು ಅವರಿಗೆ ಗೊತ್ತಿಲ್ಲ.

"ದೇವರ ದಯೆ," ಎಂದರು.

ಅಷ್ಟು ಹತ್ತಿರದಿಂದ ಆ ಎರಡು ಮಾತು ಬರಿಯ ಗಾಳಿಯಾಗಿ, ಒಡೆದು ಹೊರಬಂತು. ಅಜ್ಜಿಯ ನಗು ಹಾಗೇ ನಿಂತಿತು. ಅವರು ಟೀಚರ್ ಮುಖ ನೋಡಿದರು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಶಿಷ್ಯೆಯನ್ನು ನೋಡಿದರು, ಕೊನೆಗೆ ನನ್ನನ್ನು.  ಹಿಡಿದ ಕೈಗಳನ್ನು ಬಿಡದೆ, ನೋಯುವ ಆ ಮಂಡಿಗಳನ್ನು ಹೇಗೋ ಮಡಚಿ, ಟೀಚರ್ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಾನು ಸೆಟ್ ಆಫ್ ಮಾಡಿ ವೈರ್ ಸುತ್ತತೊಡಗಿದೆ.